ಬೇಬಿ ಬೆಟ್ಟ ಮತ್ತು ಮಾವನವರ ಲೆನ್ಸು

ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು ಎಂದರೆ ನನ್ನ ಎಂಟನೇ ತರಗತಿಯ ಹುಡುಗಿಯರು ಕಿಸಕ್ಕೆಂದು ನಗುತ್ತಾರೆ. ಹೈದರ್, ಟಿಪ್ಪು ಇವರ ಕಡೆ ಇದ್ದ ಫ್ರೆಂಚ್ ಸಿಪಾಯಿಗಳು ಇಲ್ಲಿನ ಬಂಡೆಗಳ ಬಳಿ ಬಿಡಾರ ಹೂಡಿದ್ದರಿಂದ ಬಂದ ಹೆಸರು ಅದು. 1791-92ರಲ್ಲಿ ಕಾರ್ನ್‌ವಾಲಿಸನ ದಂಡಿನ ಜೊತೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಗಾರ ಸಾವನದುರ್ಗ, ಶ್ರೀರಂಗಪಟ್ಟಣಗಳನ್ನು ಬರೆದುಕೊಂಡು ಹೋಗಿ 1794ರಲ್ಲಿ ಪುಸ್ತಕ ಮಾಡಿದ. ದಂಡಿನ ಜೊತೆ ಬಂದವನ ಕಣ್ಣಿಗೆ ಬೆಟ್ಟವೆಂದರೆ ಕೋಟೆ. ದನ ಮೇಯುವ ಬೆಟ್ಟ, ಜಾತ್ರೆ ಸೇರುವ ಬೆಟ್ಟ ಅವನಿಗೇಕೆ ಬೇಕು?

ಅಂಥ ಬೆಟ್ಟಗಳ ಚಿತ್ರ ನಮ್ಮ ಮನೆಯ ಟ್ರಂಕಿನಲ್ಲಿವೆ. ತೆಗೆದವರು ನಮ್ಮ ಮಾವನವರು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಎಪ್ಪತ್ತರ ದಶಕದಲ್ಲಿ ಮೈಸೂರಿನಿಂದ ಒಂದು ರಷ್ಯನ್ ಜೆನಿಟ್ ಕ್ಯಾಮೆರಾ ತಂದಿದ್ದರು. ಅದರ ಲೆನ್ಸಿನ ಹೆಸರು ಹೀಲಿಯೋಸ್, 58 ಮಿಲಿಮೀಟರಿನದು. ಇದಕ್ಕೂ ಒಂದು ಚರಿತ್ರೆಯಿದೆ. ಜರ್ಮನಿಯ ಯೇನಾ ಊರಿನ ಝೈಸ್ ಕಂಪನಿಯವರು ಎರಡನೇ ಮಹಾಯುದ್ಧಕ್ಕೆ ಮುಂಚೆ ಮಾಡಿದ ಬಯೋಟಾರ್ ಲೆನ್ಸಿನ ಮಾದರಿಯನ್ನು ಯುದ್ಧ ಗೆದ್ದ ರಷ್ಯನ್ನರು ಕೊಂಡೊಯ್ದು, ಮಾಸ್ಕೋ ಹತ್ತಿರದ ಕ್ರಾಸ್ನೋಗೊರ್ಸ್ಕ್‌ನಲ್ಲಿ ಲಕ್ಷಗಟ್ಟಲೆ ತಯಾರಿಸಿದರು. ಸೋತವನ ಕಣ್ಣು ಗೆದ್ದವನ ಕೈಸೇರಿ, ಅಲ್ಲಿಂದ ಮಂಡ್ಯ ಜಿಲ್ಲೆಯ ಮೇಷ್ಟ್ರೊಬ್ಬರ ಹೆಗಲಿಗೆ ಬಂತು ನೋಡಿ!

ಕಪ್ಪು ಬಿಳುಪಿನ ರೋಲು, ಒಂದಕ್ಕೆ ಮೂವತ್ತಾರು ಚಿತ್ರ. ಸಂಬಳದಲ್ಲಿ ವರ್ಷಕ್ಕೆ ಎರಡು ಮೂರು ರೋಲು ಕೊಂಡರೆ ಹೆಚ್ಚು. ಆ ಕಾಲದಲ್ಲಿ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಮಂತ್ರಿಗಳಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಇವರೆಲ್ಲ ಕಾಡುಪ್ರಾಣಿಗಳ ಚಿತ್ರ ತೆಗೆದು ಹೆಸರಾಗಿದ್ದರು. ಮಾವನವರಿಗೂ ಆಸೆ. ಆದರೆ 58 ಮಿಲಿಮೀಟರಿನ ಲೆನ್ಸಿಗೆ ರಂಗನತಿಟ್ಟಿನ ಕೊಕ್ಕರೆ ಅಕ್ಕಿಕಾಳಿನಷ್ಟೇ ಕಾಣುತ್ತಿತ್ತು. ನಾಗಮಂಗಲದ ಆದಿಚುಂಚನಗಿರಿಯ ನವಿಲಂತೂ ಫೋಕಸ್ ಮಾಡುವಷ್ಟರಲ್ಲಿ ಬಂಡೆಯ ಆಚೆ. ಹಾಗಾಗಿ ಗೂಟಕ್ಕೆ ಕಟ್ಟಿದ, ಓಡಿಹೋಗದ ಪ್ರಾಣಿಯನ್ನೇ ನೆಚ್ಚಿಕೊಂಡರು. ಕೆ.ಆರ್. ಪೇಟೆಯ ಹೇಮಗಿರಿ ಜಾತ್ರೆಯ ಹಳ್ಳಿಕಾರ್ ಜೋಡಿಗಳು, ಬೇಬಿ ಬೆಟ್ಟದ ದನಗಳ ಜಾತ್ರೆ. ಎದುರು ಬಿಸಿಲು ಬಿದ್ದರೆ ಆ ಲೆನ್ಸಿನಲ್ಲಿ ಚಿತ್ರವೆಲ್ಲ ಹಾಲು ಚೆಲ್ಲಿದಂತೆ ಮಂಕಾಗುತ್ತದೆ. ಅದಕ್ಕೆ ನಮ್ಮ ಅತ್ತೆ ಪಕ್ಕದಲ್ಲಿ ಕೊಡೆ ಹಿಡಿದು ನಿಲ್ಲಬೇಕಿತ್ತು. ಒಂದು ಚಿತ್ರದಲ್ಲೂ ಅತ್ತೆ ಇಲ್ಲ, ಎರಡರಲ್ಲಿ ಕೊಡೆಯ ಅಂಚಿದೆ.

ಬೇಬಿ ಬೆಟ್ಟದಲ್ಲಿ ದನದ ಜಾತ್ರೆ ಸೇರುವುದು ಎಷ್ಟು ಸಹಜವೆಂಬುದಕ್ಕೆ ಅದರ ಇನ್ನೊಂದು ಹೆಸರೇ ಸಾಕ್ಷಿ, ಅಮೃತ ಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನೇ ಟಿಪ್ಪು ಅಮೃತ ಮಹಲ್ ಎಂದು ಕರೆದ. ಫಿರಂಗಿ ಎಳೆಯುವ ಎತ್ತುಗಳು ಅಲ್ಲಿಂದ ಬರುತ್ತಿದ್ದವು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇಂಗ್ಲಿಷರೂ ಆ ತಳಿಯನ್ನು ಬಿಡಲಿಲ್ಲ. ಆ ದನಕ್ಕೆ ಹುಲ್ಲಿನ ನೆಲ ಕಾವಲು.

ಮಾವನವರು ಹೋದ ಮೇಲೆ ಜೆನಿಟ್ಟಿನ ಷಟರ್ ಕೆಟ್ಟು ನಿಂತಿತು. ಲೆನ್ಸು ಮಾತ್ರ ಚೆನ್ನಾಗಿತ್ತು. ಮೈದುನನ ಮಗ ಅದನ್ನು ತನ್ನ ಡಿಜಿಟಲ್ ಕ್ಯಾಮೆರಾಕ್ಕೆ ಹಾಕಿದ. ಹಳೆಯ ಕ್ಯಾಮೆರಾದೊಳಗೆ ಒಂದು ಕನ್ನಡಿ ಇರುತ್ತಿತ್ತು, ಹೊಸದರಲ್ಲಿ ಇಲ್ಲ. ಕನ್ನಡಿಗೆ ಬೇಕಿದ್ದ ಜಾಗವನ್ನು ತುಂಬಲು ನಡುವೆ ಒಂದು ಟೊಳ್ಳು ಲೋಹದ ಬಳೆ ಸಾಕು. 42 ಮಿಲಿಮೀಟರಿನ ತಿರುಪು, ಉಪ್ಪಿನಕಾಯಿ ಜಾಡಿಯ ಮುಚ್ಚಳದಂತೆ ತಿರುಗಿಸಿ ಕೂರಿಸುವುದು. ಫೋಕಸ್, ಅಪರ್ಚರ್ ಎಲ್ಲ ಕೈಯಲ್ಲೇ ತಿರುಗಿಸಬೇಕು. ಎತ್ತಿನ ಕಣ್ಣಿಗೆ ಫೋಕಸ್ ಮಾಡಿ ಅಪರ್ಚರ್ ಪೂರ್ತಿ ತೆರೆದರೆ ಹಿಂದಿನ ಹೊಂಗೆಯ ಎಲೆಗಳೆಲ್ಲ ಸುಳಿಸುಳಿಯಾಗಿ ಸುತ್ತುತ್ತವೆ. ಹುಡುಗರಿಗೆ ಅದೇ ಮೋಜು.

ನನಗೆ ಬೇಕಾದದ್ದು ಬೇರೆ. ಮಾವನವರು ಪ್ರತಿ ಚಿತ್ರದ ಬೆನ್ನಿಗೆ ಊರು, ವರ್ಷ, ನಿಂತ ಜಾಗ ಬರೆದಿಡುತ್ತಿದ್ದರು. 1978ರ ಬೇಬಿ ಬೆಟ್ಟದ ಚಿತ್ರ ಹಿಡಿದು, ಅದೇ ಲೆನ್ಸಿನಲ್ಲಿ, ಅದೇ ಜಾಗದಿಂದ ತೆಗೆಯೋಣವೆಂದೆ. ಮೊದಲ ಸಲ ಬೆಟ್ಟವೇ ಹಿಡಿಸಲಿಲ್ಲ. ಹುಡುಗನ ಕ್ಯಾಮೆರಾದೊಳಗಿನ ಸೆನ್ಸರು ಫಿಲಂಗಿಂತ ಚಿಕ್ಕದು, ಅಂಚೆಲ್ಲ ಕತ್ತರಿಸಿಹೋಗುತ್ತದೆ. ಮೈಸೂರಿನಿಂದ ಒಂದು ದಿನದ ಬಾಡಿಗೆಗೆ 36 ಮಿಲಿಮೀಟರ್ ಅಗಲದ, ಫಿಲಂ ಅಳತೆಯದೇ ಸೆನ್ಸರಿರುವ ಕ್ಯಾಮೆರಾ ತಂದೆವು. ಆಗ ಎರಡು ಚಿತ್ರವನ್ನು ಒಂದರ ಪಕ್ಕ ಒಂದಿಟ್ಟರೆ ಗೆರೆಗೆ ಗೆರೆ ಕೂತಿತು.

ಎಡಗಡೆಯದು ಕೂತಿತು. ಬಲಗಡೆ ಕೂರಿಸಲು ಗೆರೆಯೇ ಇಲ್ಲ. 1978ರಲ್ಲಿ ಎತ್ತಿನ ಬೆನ್ನಿನಂತೆ ಇಳಿದಿದ್ದ ಇಳಿಜಾರು ಈಗ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗೋಡೆ, ಕೆಳಗೆ ನೀರು ನಿಂತ ಗುಂಡಿ. ಕಲ್ಲು ಗಣಿಗಾರಿಕೆಯ ವಿಷಯ ಪೇಪರಿನಲ್ಲಿ ನೀವೂ ಓದಿರುತ್ತೀರಿ. 1932ರಲ್ಲಿ ಕಟ್ಟಿ ಮುಗಿದ ಕನ್ನಂಬಾಡಿ ಕಟ್ಟೆಗೆ ಸಿಡಿತದಿಂದ ಅಪಾಯವೆಂದು ವರ್ಷಗಟ್ಟಲೆ ಕೂಗೆದ್ದು, 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆ ಕೂಡದೆಂದು ಮಧ್ಯಂತರ ಆದೇಶ ಮಾಡಿತು. ಕಟ್ಟೆಯ ಬಗ್ಗೆ ಎಲ್ಲರೂ ಮಾತಾಡಿದರು, ಮಾತಾಡಬೇಕಾದ್ದೇ. ಬೆಟ್ಟದ ಬಗ್ಗೆ, ಕಟ್ಟೆ ಇರದಿದ್ದರೆ ಯಾರಾದರೂ ಕೋರ್ಟಿಗೆ ಹೋಗುತ್ತಿದ್ದರೇ ಎಂದು ನನಗೆ ಅನುಮಾನ. ಜಲ್ಲಿ ಎಲ್ಲಿಗೆ ಹೋಯಿತೆಂದು ಕೇಳಿದರೆ ನಮ್ಮ ಮನೆಯ ತಾರಸಿಯೂ ಉತ್ತರ ಹೇಳಬೇಕಾದೀತು.

ಎರಡೂ ಚಿತ್ರಗಳನ್ನು ಶಾಲೆಯ ಗೋಡೆಗೆ ಹಾಕಿದ್ದೇನೆ. ಬೇಬಿ ಗ್ರಾಮದಿಂದ ಬರುವ ಹುಡುಗಿಯೊಬ್ಬಳು ಹಳೆಯದರ ಮುಂದೆ ಬಹಳ ಹೊತ್ತು ನಿಂತು, "ಮಿಸ್, ಇದು ಯಾವೂರ ಬೆಟ್ಟ?" ಎಂದಳು.

ಇನ್ನು ಹೇಮಗಿರಿ, ಕರಿಘಟ್ಟ, ನಾರಾಯಣದುರ್ಗ ಬಾಕಿ ಇವೆ. ನಾರಾಯಣದುರ್ಗದ ಚಿತ್ರದ ಬೆನ್ನಿನ ಬರಹಕ್ಕೆ ಗೆದ್ದಲು ಹಿಡಿದು ನಿಂತ ಜಾಗ ಯಾವುದೆಂದು ತಿಳಿಯುವುದಿಲ್ಲ. ಅತ್ತೆಯನ್ನು ಕೇಳಿದೆ. ಎಂಬತ್ತಾರು ಅವರಿಗೆ. "ಒಂದು ಹುಣಸೆಮರ ಇತ್ತು ಕಣಮ್ಮ, ಅಲ್ಲೇ ನನ್ನ ಕೈ ನೋಯೋ ಗಂಟ ಕೊಡೆ ಹಿಡಿಸಿದ್ರು. ಕಾರಲ್ಲಿ ಕೂರಿಸ್ಕೊಂಡು ಹೋದ್ರೆ ತೋರಿಸ್ತೀನಿ" ಎಂದರು. ಯುಗಾದಿ ರಜಕ್ಕೆ ಹೊರಟಿದ್ದೇವೆ.