ಕ್ಷಣದ ಲೆಕ್ಕ: ಚರ್ಮಚಿಕಿತ್ಸೆಯಲ್ಲಿ ಲೇಸರ್ ನಡೆದು ಬಂದ ದಾರಿ

ಹಚ್ಚೆಯನ್ನು ಅಳಿಸುವ ಉಪಾಯಗಳು ಬಹಳ ಹಳೆಯವು. ಆರನೆಯ ಶತಮಾನದ ಗ್ರೀಕ್ ವೈದ್ಯ ಏಟಿಯಸ್ ಅದಕ್ಕಾಗಿ ಕೆಲವು ಲೇಪಗಳನ್ನು ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಉಪ್ಪಿನಿಂದ ಉಜ್ಜುವುದು, ಆಮ್ಲ ಸವರುವುದು, ಚರ್ಮವನ್ನೇ ಕತ್ತರಿಸಿ ಹೊಲಿಯುವುದು ಮುಂತಾದ ಕ್ರಮಗಳೂ ಬಳಕೆಯಲ್ಲಿದ್ದವು. ಆದರೆ ಇವೆಲ್ಲವೂ ಬಣ್ಣದ ಜೊತೆಗೆ ಚರ್ಮವನ್ನೂ ನಾಶಮಾಡುತ್ತಿದ್ದುದರಿಂದ, ಒಂದು ಗುರುತು ಹೋದೆಡೆ ಮತ್ತೊಂದು ಉಳಿಯುತ್ತಿತ್ತು.

1960ರಲ್ಲಿ ಅಮೆರಿಕದ ಥಿಯೊಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ರೂಪಿಸಿದ ಮೇಲೆ, ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಅದನ್ನು ಚರ್ಮದ ಮೇಲೆ ಪರೀಕ್ಷಿಸತೊಡಗಿದರು. ಬಣ್ಣವುಳ್ಳ ಭಾಗಗಳು ಆ ಕೆಂಪು ಬೆಳಕನ್ನು ಹೆಚ್ಚಾಗಿ ಹೀರಿಕೊಳ್ಳುತ್ತವೆ ಎಂಬುದನ್ನು ಅವರ ತಂಡ 1963ರಲ್ಲೇ ಗುರುತಿಸಿತ್ತು. ಆದರೂ ಮುಂದಿನ ಎರಡು ದಶಕಗಳ ಫಲಿತಾಂಶ ಪೂರ್ತಿ ಸಮಾಧಾನಕರವಾಗಿರಲಿಲ್ಲ. ಹುಟ್ಟಿನಿಂದ ಬಂದ ಕೆಂಪು ಮಚ್ಚೆಗಳಿಗೆ ಬಳಸಿದ ಆರ್ಗಾನ್ ಲೇಸರಿನ ಬೆಳಕು ದೀರ್ಘಕಾಲ ಬೀಳುತ್ತಿದ್ದುದರಿಂದ ಶಾಖವು ರಕ್ತನಾಳಗಳನ್ನು ದಾಟಿ ಸುತ್ತಲಿನ ಅಂಗಾಂಶಕ್ಕೂ ಹರಡಿ ಗಾಯದ ಕಲೆಗಳನ್ನು ಉಳಿಸುತ್ತಿತ್ತು.

ಈ ತೊಡಕಿನ ಕಾರಣವನ್ನು ಸ್ಪಷ್ಟಪಡಿಸಿದವರು ಸಂಶೋಧಕರಾದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್. 1983ರಲ್ಲಿ ಅವರು ಮಂಡಿಸಿದ ಸೆಲೆಕ್ಟಿವ್ ಫೋಟೊಥರ್ಮಾಲಿಸಿಸ್ ಎಂಬ ತತ್ತ್ವದ ಪ್ರಕಾರ, ಗುರಿಯಾದ ವರ್ಣದ್ರವ್ಯ ಹೀರುವ ತರಂಗಾಂತರವನ್ನು ಆರಿಸಿದರಷ್ಟೇ ಸಾಲದು. ಆ ವರ್ಣದ್ರವ್ಯದ ಕಣ ತನ್ನ ಶಾಖವನ್ನು ಪಕ್ಕಕ್ಕೆ ದಾಟಿಸುವ ಮೊದಲೇ ಬೆಳಕು ನಿಲ್ಲಬೇಕು. ಕಣ ಚಿಕ್ಕದಾದಷ್ಟೂ ಈ ಅವಧಿ ಕಿರಿದಾಗುತ್ತದೆ. ಸಣ್ಣ ರಕ್ತನಾಳಗಳಿಗೆ ಸೆಕೆಂಡಿನ ಸಾವಿರದ ಭಾಗದಷ್ಟು ಅವಧಿಯ ಬೆಳಕಿನ ಸ್ಪಂದನ ಹೊಂದಿದರೆ, ಹಚ್ಚೆಯ ಮಸಿಗೆ ಸೆಕೆಂಡಿನ ಶತಕೋಟಿಯ ಭಾಗದ ಲೆಕ್ಕದ, ಅಂದರೆ ನ್ಯಾನೊಸೆಕೆಂಡಿನ ಸ್ಪಂದನ ಬೇಕು. ಬಲಕ್ಕಿಂತ ಕಾಲವನ್ನು ಮುಖ್ಯವಾಗಿಸಿದ ಈ ಅರಿವೇ ಇಡೀ ಇತಿಹಾಸದ ನಿಜವಾದ ತಿರುವು. ಸಂಗ್ರಹಿಸಿದ ಶಕ್ತಿಯನ್ನು ಒಮ್ಮೆಗೇ ಹೊರಬಿಡುವ ಕ್ಯೂ-ಸ್ವಿಚ್ ತಂತ್ರ 1960ರ ದಶಕದ ಆರಂಭದಲ್ಲೇ ಸಿದ್ಧವಾಗಿದ್ದರೂ, ಅದು ಏಕೆ ಫಲಿಸುತ್ತದೆಂಬುದಕ್ಕೆ ಸುಸಂಬದ್ಧ ವಿವರಣೆ ದೊರೆತದ್ದು ಇಲ್ಲಿಯೇ. ಅಂತಹ ಸ್ಪಂದನಕ್ಕೆ ಮಸಿಯ ಕಣಗಳು ಒಡೆದು ಚೂರಾಗುತ್ತವೆ. ಆ ಚೂರುಗಳನ್ನು ದೇಹದ ಭಕ್ಷಕ ಕೋಶಗಳು ಮತ್ತು ದುಗ್ಧರಸ ನಾಳಗಳು ವಾರಗಳ ಕಾಲ ನಿಧಾನವಾಗಿ ಸಾಗಿಸುವುದರಿಂದ ಚಿಕಿತ್ಸೆಯನ್ನು ಹಲವು ಸುತ್ತುಗಳಲ್ಲಿ ನೀಡಬೇಕಾಗುತ್ತದೆ.

ಗಾಯದ ಕಲೆಗಳ ಚಿಕಿತ್ಸೆಯ ದಾರಿ ಬೇರೆ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಇಂಗಾಲದ ಡೈಆಕ್ಸೈಡ್ ಲೇಸರ್ ಚರ್ಮದ ನೀರನ್ನು ಆವಿಯಾಗಿಸುತ್ತದೆ. ಇಡೀ ಮೇಲ್ಪದರವನ್ನು ಸುಲಿಯುವ ಬದಲು ಸೂಕ್ಷ್ಮ ಬಿಂದುಗಳಲ್ಲಿ ಮಾತ್ರ ಶಾಖ ನೀಡಿ, ನಡುವಿನ ಚರ್ಮವನ್ನು ಗುಣವಾಗಲು ಉಳಿಸುವ ಫ್ರ್ಯಾಕ್ಷನಲ್ ವಿಧಾನ 2004ರಲ್ಲಿ ಪ್ರಕಟವಾಯಿತು.

ಈ ಚರಿತ್ರೆಯ ಬಹುಪಾಲು ಬಿಳಿಯ ಚರ್ಮವನ್ನು ಎದುರಿಗಿಟ್ಟುಕೊಂಡು ಬೆಳೆಯಿತೆಂಬುದನ್ನು ಮರೆಯಲಾಗದು. ಚರ್ಮದ ಬಗೆಗಳನ್ನು ಗುರುತಿಸುವ 1975ರ ಫಿಟ್ಜ್‌ಪ್ಯಾಟ್ರಿಕ್ ವರ್ಗೀಕರಣದಲ್ಲಿ ಕಂದು ಮತ್ತು ಕಪ್ಪು ಚರ್ಮದ ವರ್ಗಗಳು ಅನಂತರ ಸೇರಿದವು. ಬಣ್ಣ ಕೊಡುವ ಮೆಲನಿನ್ ಹೆಚ್ಚಿರುವ ಚರ್ಮದಲ್ಲಿ ಬೆಳಕು ಗುರಿ ಮುಟ್ಟುವ ಮೊದಲೇ ಮೇಲ್ಪದರದಲ್ಲಿ ಹೀರಲ್ಪಟ್ಟು, ಸುಟ್ಟ ಗಾಯವನ್ನೋ ಹೊಸ ಕಪ್ಪು ಕಲೆಯನ್ನೋ ಉಂಟುಮಾಡಬಲ್ಲದು. ಮುಖದ ಮೇಲಿನ ಕಪ್ಪು ಕಲೆಯಾದ ಬಂಗು ಚಿಕಿತ್ಸೆಯ ನಂತರ ಮರಳುವುದೂ ಉಂಟು. ಮೆಲನಿನ್ ಕಡಿಮೆ ಹೀರುವ 1064 ನ್ಯಾನೊಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಲೇಸರ್ ಕನ್ನಡ ನಾಡಿನ ಕಂದು ಚರ್ಮಕ್ಕೆ ಹೆಚ್ಚು ಸುರಕ್ಷಿತ. ಅದನ್ನೂ ಮೊದಲು ಚಿಕ್ಕ ಜಾಗದಲ್ಲಿ ಕಡಿಮೆ ಶಕ್ತಿಯಿಂದ ಪರೀಕ್ಷಿಸಿಯೇ ಮುಂದುವರಿಯುವುದು ಉಚಿತ.