ಹಸಿವು, ಅಸಮಾನತೆ ಮತ್ತು ಯುದ್ಧ: ಇತಿಹಾಸದ ನಾಲ್ಕು ಪುಟಗಳು

ಸೂರಃ ಕುರೈಶ್ ನಮ್ಮ ಮನೆಗಳ ಪುಟ್ಟ ಮಕ್ಕಳಿಗೂ ಬಾಯಿಪಾಠವಿದೆ. ಮಕ್ಕಾದ ಕುರೈಶರಿಗೆ ಅಲ್ಲಾಹನು ಕರುಣಿಸಿದ ಎರಡು ಅನುಗ್ರಹಗಳನ್ನು ಆ ಅಧ್ಯಾಯ ನೆನಪಿಸುತ್ತದೆ. ಒಂದು, ಹಸಿವೆಗೆ ಆಹಾರ. ಇನ್ನೊಂದು, ಭಯದಿಂದ ಸುರಕ್ಷೆ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದನ್ನು ನಾವು ಗಮನಿಸಬೇಕು. ಅನ್ನ ಇಲ್ಲದ ಊರಲ್ಲಿ ನೆಮ್ಮದಿ ಉಳಿಯುವುದಿಲ್ಲ, ನೆಮ್ಮದಿ ಇಲ್ಲದ ಊರಲ್ಲಿ ಅನ್ನ ಉಳಿಯುವುದಿಲ್ಲ. ಮನುಷ್ಯರ ಇತಿಹಾಸವನ್ನು ತೆರೆದು ನೋಡಿದರೆ ಈ ಮಾತಿಗೆ ಪುಟಪುಟದಲ್ಲೂ ಸಾಕ್ಷಿ ಸಿಗುತ್ತದೆ.

ಹಾಗೆಂದು ‘ಬಡತನವಿದ್ದಲ್ಲಿ ಯುದ್ಧ ಖಚಿತ’ ಎಂದು ಸೂತ್ರ ಬರೆದುಬಿಡುವಂತಿಲ್ಲ. ಎಷ್ಟೋ ಕಡೆ ಜನರು ಭೀಕರ ಬರವನ್ನು ಶಾಂತಿಯಿಂದ ದಾಟಿದ್ದಾರೆ. ಎಷ್ಟೋ ಕಡೆ ಕಣಜ ತುಂಬಿರುವಾಗಲೇ ರಕ್ತ ಹರಿದಿದೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ನಾಲ್ಕು ಘಟನೆಗಳ ಮೂಲಕ ಇದನ್ನು ಅರಿಯಲು ಪ್ರಯತ್ನಿಸೋಣ.

ಬೂದಿಯ ವರ್ಷ

ಹಿಜರಿ 18ನೇ ವರ್ಷ, ಅಂದರೆ ಕ್ರಿ.ಶ. 639. ಖಲೀಫಾ ಉಮರ್(ರ)ರ ಆಡಳಿತ ಕಾಲ. ಅರೇಬಿಯಾದಲ್ಲಿ ತಿಂಗಳುಗಟ್ಟಲೆ ಮಳೆ ಬರಲಿಲ್ಲ. ನೆಲ ಒಣಗಿ ಬೂದಿಯ ಬಣ್ಣಕ್ಕೆ ತಿರುಗಿತು. ಆದ್ದರಿಂದಲೇ ಅದಕ್ಕೆ ‘ಆಮುರ್ರಮಾದಃ’, ಬೂದಿಯ ವರ್ಷ, ಎಂಬ ಹೆಸರು ಬಂತು. ಮರುಭೂಮಿಯ ಗೋತ್ರಗಳು ಆಹಾರ ಹುಡುಕುತ್ತಾ ಮದೀನಾದ ಸುತ್ತ ಬಂದು ಬೀಡುಬಿಟ್ಟವು.

ಆ ಗೋತ್ರಗಳ ಹಿನ್ನೆಲೆ ನಮಗೆ ಗೊತ್ತಿದೆ. ಕೆಲವೇ ವರ್ಷಗಳ ಹಿಂದೆ, ಅಬೂಬಕರ್(ರ)ರ ಕಾಲದಲ್ಲಿ, ಹಲವು ಗೋತ್ರಗಳು ಝಕಾತ್ ಕೊಡಲು ನಿರಾಕರಿಸಿ ಆಯುಧ ಎತ್ತಿದ್ದವು. ಹಸಿವು, ಆಯುಧ, ಹಳೆಯ ಗೋತ್ರಾಭಿಮಾನ ಮೂರೂ ಒಂದೆಡೆ ಸೇರಿದ್ದವು. ಇನ್ನೊಂದು ದಂಗೆಗೆ ಇಷ್ಟು ಸಾಕಿತ್ತು. ಆದರೆ ದಂಗೆ ಆಗಲಿಲ್ಲ.

ಯಾಕೆ? ಖಲೀಫರು ಶಾಮ್, ಇರಾಕ್ ಮುಂತಾದ ಪ್ರಾಂತ್ಯಗಳ ಗವರ್ನರರಿಗೆ ಪತ್ರ ಬರೆದು ಧಾನ್ಯ, ಎಣ್ಣೆ, ಬಟ್ಟೆ ತರಿಸಿದರು. ಒಂಟೆಗಳ ಸಾಲುಗಳು ಬಂದವು. ಮದೀನಾದಲ್ಲಿ ಸಾಮೂಹಿಕ ಅಡುಗೆ ನಡೆಯಿತು. ಬರಪೀಡಿತರಿಂದ ಆ ವರ್ಷ ಝಕಾತ್ ಸಂಗ್ರಹಿಸುವುದನ್ನು ತಡೆಹಿಡಿಯಲಾಯಿತು. ಹಸಿವಿನಿಂದ ಕದ್ದವರ ಮೇಲೆ ಕಳ್ಳತನದ ಶಿಕ್ಷೆ ಜಾರಿಯಾಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಜನರ ಹೊಟ್ಟೆ ತುಂಬುವವರೆಗೆ ತುಪ್ಪ ಮತ್ತು ಮಾಂಸ ಮುಟ್ಟುವುದಿಲ್ಲವೆಂದು ಉಮರ್(ರ) ಶಪಥ ಮಾಡಿದರು. ಒಣ ರೊಟ್ಟಿ ಮತ್ತು ಎಣ್ಣೆ ತಿಂದು ಅವರ ಮೈಬಣ್ಣವೇ ಕಪ್ಪಿಟ್ಟಿತೆಂದು ಇತಿಹಾಸಕಾರರು ಬರೆದಿದ್ದಾರೆ. ತನ್ನನ್ನು ಆಳುವವನೂ ತನ್ನಂತೆಯೇ ಹಸಿದಿದ್ದಾನೆ ಎಂಬುದನ್ನು ಹಸಿದವನು ಕಣ್ಣಾರೆ ಕಂಡನು. ಕಷ್ಟ ಇತ್ತು, ಸಾವುಗಳೂ ಆದವು. ಆದರೆ ‘ನಮ್ಮ ಪಾಲನ್ನು ಬೇರೆಯವರು ತಿನ್ನುತ್ತಿದ್ದಾರೆ’ ಎನ್ನಲು ಯಾರಿಗೂ ಕಾರಣ ಇರಲಿಲ್ಲ.

ಉಮರ್(ರ)ರ ಕಾಲದ ಮತ್ತೊಂದು ಪ್ರಕರಣ ಇಮಾಮ್ ಮಾಲಿಕ್‌ರ ‘ಮುವತ್ತಾ’ದಲ್ಲಿದೆ. ಹಾತಿಬ್(ರ)ರ ಮನೆಯ ಗುಲಾಮರು ಮುಝೈನಾ ಗೋತ್ರದ ಒಬ್ಬರ ಒಂಟೆ ಕದ್ದು ಕೊಯ್ದು ತಿಂದರು. ಅವರಿಗೆ ಹೊಟ್ಟೆತುಂಬ ಊಟ ಸಿಗುತ್ತಿಲ್ಲ ಎಂಬುದು ಖಲೀಫರಿಗೆ ತಿಳಿಯಿತು. ಒಂಟೆಯ ಮಾಲಕರು ಅದರ ಬೆಲೆ 400 ದಿರ್ಹಮ್ ಎಂದರು. 800 ದಿರ್ಹಮ್ ಕೊಡಬೇಕೆಂದು ಖಲೀಫರು ತೀರ್ಪಿತ್ತರು. ಆ ದಂಡವನ್ನು ತೆತ್ತದ್ದು ಗುಲಾಮರಲ್ಲ, ಅವರ ಒಡೆಯ. ಕಳ್ಳತನ ತಪ್ಪೇ. ಆದರೆ ಆ ತಪ್ಪಿನ ಬೇರು ಯಾರ ಮನೆಯಲ್ಲಿದೆ ಎಂದು ಆ ನ್ಯಾಯಾಲಯ ಕೇಳಿತು.

ಬಸರಾದ ಉಪ್ಪು ನೆಲ

ಇನ್ನೂರ ಮೂವತ್ತು ವರ್ಷ ಮುಂದೆ ಬರೋಣ. ಈ ಪುಟವೂ ನಮ್ಮದೇ ಇತಿಹಾಸದ್ದು. ಆದರೆ ಇದನ್ನು ಓದುವಾಗ ನಾವು ತಲೆ ತಗ್ಗಿಸಬೇಕಾಗುತ್ತದೆ.

ಅಬ್ಬಾಸೀ ಖಿಲಾಫತ್ತಿನ ರಾಜಧಾನಿ ಆಗ ಸಾಮರ್ರಾ. 861ರಲ್ಲಿ ಖಲೀಫಾ ಮುತವಕ್ಕಿಲ್‌ರ ಕೊಲೆಯಾದ ಮೇಲೆ ಒಂಬತ್ತು ವರ್ಷಗಳೊಳಗೆ ನಾಲ್ವರು ಖಲೀಫರು ಪಟ್ಟಕ್ಕೇರಿ ಇಳಿದರು. ಸೇನಾಧಿಪತಿಗಳೇ ಅರಮನೆಯನ್ನು ಆಡಿಸುತ್ತಿದ್ದರು. ಇತ್ತ ದಕ್ಷಿಣ ಇರಾಕಿನ ಬಸರಾ ವ್ಯಾಪಾರದಿಂದ ಕೊಬ್ಬಿದ ಶ್ರೀಮಂತ ನಗರ. ಅದರ ಸುತ್ತಲಿನ ಜೌಗು ಭೂಮಿಯ ಮೇಲ್ಪದರ ಉಪ್ಪುಗಟ್ಟಿತ್ತು. ಅದನ್ನು ಕೆರೆದು ತೆಗೆದರೆ ಕೆಳಗೆ ಕೃಷಿಗೆ ಒಳ್ಳೆಯ ಮಣ್ಣು. ಆ ಕೆಲಸಕ್ಕೆ ಪೂರ್ವ ಆಫ್ರಿಕಾದಿಂದ ತಂದ ಗುಲಾಮರನ್ನು ನೂರಾರು, ಸಾವಿರಾರು ಮಂದಿಯ ತಂಡಗಳಾಗಿ ಹಚ್ಚಲಾಯಿತು. ಅವರನ್ನು ‘ಝಂಜ್’ ಎಂದು ಕರೆಯುತ್ತಿದ್ದರು. ದಿನವಿಡೀ ಉಪ್ಪು ಮಣ್ಣನ್ನು ಹೊತ್ತು ಗುಡ್ಡೆ ಹಾಕುವುದು ಅವರ ಕೆಲಸ. ಪ್ರತಿಫಲವಾಗಿ ಸಿಗುತ್ತಿದ್ದುದು ಒಂದಿಷ್ಟು ಹಿಟ್ಟು, ಒಂದಿಷ್ಟು ಖರ್ಜೂರ. ಹೆಂಡತಿ ಮಕ್ಕಳಿಲ್ಲ, ಬಿಡುಗಡೆಯ ಆಸೆಯಿಲ್ಲ.

869ರಲ್ಲಿ, ಹಿಜರಿ 255ರಲ್ಲಿ, ಅಲೀ ಬಿನ್ ಮುಹಮ್ಮದ್ ಎಂಬಾತ ಅವರ ನಡುವೆ ಬಂದನು. ತಾನು ಪ್ರವಾದಿವರ್ಯರ(ಸ) ಅಳಿಯ ಅಲೀ(ರ)ರ ವಂಶಸ್ಥನೆಂದು ಹೇಳಿಕೊಂಡನು. ಅದಕ್ಕೂ ಮೊದಲು ಬಹ್ರೈನ್ ಪ್ರಾಂತ್ಯದಲ್ಲಿ ಜನ ಕೂಡಿಸಲು ಹೋಗಿ ಸೋತಿದ್ದನು. ಬಸರಾದ ಉಪ್ಪು ನೆಲದಲ್ಲಿ ಅವನ ಮಾತಿಗೆ ಸಾವಿರಾರು ಕಿವಿಗಳು ಸಿಕ್ಕವು. ಬಿಡುಗಡೆ ಮತ್ತು ಸಂಪತ್ತಿನ ಭರವಸೆ ಕೊಟ್ಟನು. ತಂಡ ತಂಡವಾಗಿ ಗುಲಾಮರು ಅವನನ್ನು ಸೇರಿದರು. 871ರಲ್ಲಿ ಬಸರಾ ನಗರಕ್ಕೆ ನುಗ್ಗಿ ಕೊಲೆ, ಲೂಟಿ, ಬೆಂಕಿಯಿಂದ ಅದನ್ನು ನಾಶಮಾಡಿದರು. ಕಾಲುವೆಗಳ ನಡುವೆ ‘ಮುಖ್ತಾರಾ’ ಎಂಬ ತಮ್ಮದೇ ರಾಜಧಾನಿ ಕಟ್ಟಿಕೊಂಡರು. ಖಲೀಫರ ಸಹೋದರ ಮುವಫ್ಫಕ್ ದೀರ್ಘ ಕಾಲ ಮುತ್ತಿಗೆ ಹಾಕಿ 883ರಲ್ಲಿ ಅದನ್ನು ವಶಪಡಿಸಿಕೊಳ್ಳುವವರೆಗೆ, ಹದಿನಾಲ್ಕು ವರ್ಷ, ಯುದ್ಧ ನಡೆಯಿತು. ಅದೇ ಅವಧಿಯಲ್ಲಿ ಪೂರ್ವದಲ್ಲಿ ಸಫ್ಫಾರಿಗಳು, ಈಜಿಪ್ಟಿನಲ್ಲಿ ಇಬ್ನ್ ತೂಲೂನ್ ತಮ್ಮ ಸ್ವಂತ ಬಲ ಬೆಳೆಸಿಕೊಂಡರು. ಖಿಲಾಫತ್ ಒಳಗಿನಿಂದಲೇ ಶಿಥಿಲವಾಯಿತು.

ಈ ಪುಟದಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಅನ್ಯಾಯದ ಬೆಲೆ. ಗುಲಾಮರ ವಿಮೋಚನೆಯನ್ನು ಪುಣ್ಯಕಾರ್ಯವೆಂದು ಕಲಿಸಿದ ಧರ್ಮದ ಅನುಯಾಯಿಗಳು, ಲಾಭದ ಆಸೆಗೆ ಬಿದ್ದು ಮನುಷ್ಯರನ್ನು ಗುದ್ದಲಿಯಂತೆ ಬಳಸಿದರು. ಉಮರ್(ರ) ಒಡೆಯನಿಗೆ ದಂಡ ಹಾಕಿದ ಆ ನ್ಯಾಯವನ್ನು ಮರೆತರು. ಎರಡನೆಯದು ಇನ್ನೂ ಕಹಿ. ಬಂಡಾಯದ ನಾಯಕರು ಗೆದ್ದ ಮೇಲೆ ಗುಲಾಮಗಿರಿಯನ್ನು ಅಳಿಸಲಿಲ್ಲ. ಸೆರೆಸಿಕ್ಕ ಬಸರಾದ ಹೆಂಗಸರು ಮಕ್ಕಳನ್ನು ತಮ್ಮವರಿಗೆ ಗುಲಾಮರಾಗಿ ಹಂಚಿದರು. ಹಸಿದವನ ಸಿಟ್ಟು ನ್ಯಾಯವಾದದ್ದೇ ಇರಬಹುದು. ಆದರೆ ಆ ಸಿಟ್ಟನ್ನು ಏಣಿ ಮಾಡಿಕೊಂಡು ಅಧಿಕಾರಕ್ಕೇರುವವನು ಹಸಿದವನ ಮಿತ್ರನಾಗಿರಬೇಕೆಂದಿಲ್ಲ.

ಯುದ್ಧದ ಬಿಲ್ಲು ರೈತನ ಕೈಗೆ

ಬಡತನ ಯುದ್ಧವನ್ನು ಹುಟ್ಟಿಸಿದಂತೆಯೇ ಯುದ್ಧವೂ ಬಡತನವನ್ನು ಹುಟ್ಟಿಸುತ್ತದೆ. ಆ ಬಡತನ ಮತ್ತೊಂದು ಕದನಕ್ಕೆ ದಾರಿ ಮಾಡುತ್ತದೆ. ಇದಕ್ಕೆ ನಮ್ಮ ನಾಡಿಗಿಂತ ಹತ್ತಿರದ ಉದಾಹರಣೆ ಬೇಡ.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನರು ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕಾಯಿತು. ಅದರ ಮೇಲೆ 3 ಕೋಟಿ 30 ಲಕ್ಷ ರೂಪಾಯಿ ಯುದ್ಧ ಪರಿಹಾರ. ಹಣ ತೀರುವವರೆಗೆ ಇಬ್ಬರು ಪುಟ್ಟ ಮಕ್ಕಳನ್ನು ಒತ್ತೆ ಇಡಬೇಕಾಯಿತೆಂಬುದು ನಮಗೆಲ್ಲ ಗೊತ್ತಿರುವ ಕಥೆ. ಆ ಹಣ ಎಲ್ಲಿಂದ ಬರಬೇಕಿತ್ತು ಎಂದು ನಾವು ಕೇಳುವುದು ಕಡಿಮೆ. ಅರ್ಧಕ್ಕಿಳಿದ ರಾಜ್ಯದ ಹೊಲಗಳಿಂದಲೇ ಬರಬೇಕಿತ್ತು.

1799ರಲ್ಲಿ ಟಿಪ್ಪು ಹುತಾತ್ಮರಾದ ಮೇಲೆ ಮೈಸೂರು ಒಡೆಯರ ಮನೆತನಕ್ಕೆ ಮರಳಿತು. ಆದರೆ ಸಹಾಯಕ ಸೈನ್ಯ ಪದ್ಧತಿಯ ಒಪ್ಪಂದದಂತೆ ವರ್ಷಕ್ಕೆ 7 ಲಕ್ಷ ಪಗೋಡ, ಅಂದರೆ ಸುಮಾರು ಇಪ್ಪತ್ನಾಲ್ಕೂವರೆ ಲಕ್ಷ ರೂಪಾಯಿ, ಕಂಪೆನಿಯ ಸೈನ್ಯಕ್ಕಾಗಿ ಕೊಡಬೇಕಿತ್ತು. ಮಳೆ ಬರಲಿ ಬಿಡಲಿ, ಈ ಮೊತ್ತ ತಪ್ಪುವಂತಿರಲಿಲ್ಲ. ಕಂದಾಯ ವಸೂಲಿಗೆ ‘ಶರತ್ತು’ ಪದ್ಧತಿ ಬಂತು. ಅಮಲ್ದಾರನು ಇಷ್ಟು ಹಣ ತಂದೇ ತರುತ್ತೇನೆಂದು ಒಪ್ಪಿಕೊಳ್ಳಬೇಕು. ಕಡಿಮೆಯಾದರೆ ಹೊಣೆ ಅವನದೇ. ಹಾಗಾದಾಗ ಅವನು ಯಾರನ್ನು ಹಿಂಡುತ್ತಾನೆ ಎಂದು ಬಿಡಿಸಿ ಹೇಳಬೇಕಿಲ್ಲ.

1830ರಲ್ಲಿ ನಗರ ಸೀಮೆಯ ರೈತರು ಕಂದಾಯ ಕೊಡುವುದಿಲ್ಲವೆಂದು ಕೂಟ ಸೇರಿದರು. ಮೊದಲಿಗೆ ಅದು ಅಹವಾಲು ಹೇಳಿಕೊಳ್ಳುವ ಸಭೆ. ಅಹವಾಲಿಗೆ ಪರಿಹಾರ ಸಿಗದೆ ಬಲಪ್ರಯೋಗ ನಡೆದಾಗ ಅದು ದಂಗೆಯಾಯಿತು. ತಾನೇ ನಗರದ ಅರಸನೆಂದು ಹೇಳಿಕೊಂಡ ಬೂದಿ ಬಸವಪ್ಪ ಮುಂದೆ ಬಂದನು. ಬಸರಾದಲ್ಲಿ ಕಂಡದ್ದೇ ಇಲ್ಲೂ ಕಾಣುತ್ತದೆ. ಸಿಟ್ಟು ರೈತನದು, ಸಿಂಹಾಸನದ ಆಸೆ ಮತ್ತೊಬ್ಬನದು. ಕೊನೆಗೆ ಲಾಭವಾದದ್ದು ಮೂರನೆಯವರಿಗೆ. 1831ರಲ್ಲಿ ಇದನ್ನೇ ಕಾರಣವಾಗಿಸಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1881ರವರೆಗೆ, ಐವತ್ತು ವರ್ಷ, ಬಿಡಲಿಲ್ಲ.

ಕರಾವಳಿಯಲ್ಲೂ ಅದೇ ಕಥೆ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪೆನಿ, ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಈಗ ನಗದು ಕೊಡಬೇಕಾಯಿತು. ನಗದಿಗಾಗಿ ಸಾಲ, ಸಾಲಕ್ಕಾಗಿ ಬಡ್ಡಿ. 1837ರ ಏಪ್ರಿಲ್‌ನಲ್ಲಿ ಬಂಡೆದ್ದ ರೈತರು ಮಂಗಳೂರನ್ನೇ ಕೆಲವು ದಿನ ಹಿಡಿದಿಟ್ಟುಕೊಂಡರು.

ದನಿಯೆತ್ತದೆ ಸತ್ತವರು

ಹಸಿದವರೆಲ್ಲ ಬಂಡೇಳುತ್ತಾರೆಂದು ಭಾವಿಸುವುದೂ ತಪ್ಪು. 1943ರ ಬಂಗಾಳವನ್ನು ನೋಡಿ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಬರ್ಮಾವನ್ನು ಗೆದ್ದಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿನ ಕೈಗೆ ಸಿಗಬಾರದೆಂದು ಸರಕಾರ ಕರಾವಳಿ ಬಂಗಾಳದ ದೋಣಿಗಳನ್ನು ಕಿತ್ತುಕೊಂಡಿತು. ಮೀನುಗಾರರು, ಅಂಬಿಗರು ದುಡಿಮೆ ಕಳೆದುಕೊಂಡರು. ಯುದ್ಧದ ಖರ್ಚಿನಿಂದ ಬೆಲೆ ಏರಿತು, ಕೂಲಿ ಏರಲಿಲ್ಲ. ಕಲ್ಕತ್ತಾದ ಕಾರ್ಖಾನೆ ಕೆಲಸಗಾರರಿಗೆ, ಸರಕಾರಿ ನೌಕರರಿಗೆ ಆದ್ಯತೆಯ ಮೇಲೆ ಅಕ್ಕಿ ಸಿಕ್ಕಿತು. ಆ ಅಕ್ಕಿ ಬೆಳೆದ ಹಳ್ಳಿಗಳ ಕೂಲಿಕಾರರು ಅದೇ ಕಲ್ಕತ್ತಾದ ಬೀದಿಗಳಿಗೆ ಬಂದು ಗಂಜಿ ಬೇಡುತ್ತಾ ಸತ್ತರು. ಸರಕಾರಿ ಆಯೋಗವೇ ಸುಮಾರು 15 ಲಕ್ಷ ಸಾವುಗಳನ್ನು ಒಪ್ಪಿಕೊಂಡಿತು. ನಂತರದ ಅಂದಾಜುಗಳು 30 ಲಕ್ಷದವರೆಗೆ ಹೋಗುತ್ತವೆ. ಸತ್ತವರಲ್ಲಿ ಮುಸ್ಲಿಮರೂ ಇದ್ದರು, ಹಿಂದೂಗಳೂ ಇದ್ದರು. ಭೂಮಿಯಿಲ್ಲದವರೇ ಹೆಚ್ಚು.

ಆ ವರ್ಷ ಆಹಾರ ತೀರಾ ಇಲ್ಲವಾಗಿರಲಿಲ್ಲ, ಅದನ್ನು ಕೊಳ್ಳುವ ಶಕ್ತಿ ಬಡವರ ಕೈಯಿಂದ ಜಾರಿಹೋಗಿತ್ತು ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ವಾದಿಸಿದ್ದಾರೆ. ಸೇನೆಗಳು ಕಾದಾಡಿದ್ದು ಬೇರೆಡೆ. ಬಂಗಾಳದ ಕೂಲಿಕಾರನು ಯಾವ ಯುದ್ಧವನ್ನೂ ಘೋಷಿಸಿರಲಿಲ್ಲ. ಆದರೆ ಯುದ್ಧದ ಲೆಕ್ಕವನ್ನು ಅವನ ಮನೆಯವರು ಜೀವ ಕೊಟ್ಟು ತೀರಿಸಿದರು.

ನಾವು ಕಲಿಯಬೇಕಾದುದು

ಈ ನಾಲ್ಕು ಪುಟಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಮಳೆ ಬಾರದಿರುವುದು ಮನುಷ್ಯನ ಕೈಯಲ್ಲಿಲ್ಲ. ಇರುವುದನ್ನು ಹೇಗೆ ಹಂಚುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. ಮದೀನಾದಲ್ಲಿ ಕೊರತೆಯನ್ನು ಎಲ್ಲರೂ ಹಂಚಿಕೊಂಡರು, ಶಾಂತಿ ಉಳಿಯಿತು. ಬಸರಾದಲ್ಲಿ ಸಮೃದ್ಧಿಯನ್ನು ಕೆಲವರೇ ಹಂಚಿಕೊಂಡರು, ನಗರವೇ ಉರಿಯಿತು. ಸಂಪತ್ತು ಸಿರಿವಂತರ ನಡುವೆಯೇ ಸುತ್ತುತ್ತಿರಬಾರದು ಎಂಬ ಸೂರಃ ಹಶ್ರ್‌ನ ಆದೇಶವನ್ನು ನಾವು ದಾನಧರ್ಮದ ಮಾತಾಗಿ ಮಾತ್ರ ಓದುತ್ತೇವೆ. ಅದು ಶಾಂತಿಯ ಮಾತೂ ಹೌದು.

ಯಾರ ಬಡತನವೂ ಇನ್ನೊಬ್ಬರ ರಕ್ತ ಹರಿಸಲು ಪರವಾನಿಗೆಯಲ್ಲ. ಬಸರಾದ ನಿರಪರಾಧಿ ಮಕ್ಕಳ ಕಣ್ಣೀರೂ ಅಲ್ಲಾಹನ ಬಳಿ ಲೆಕ್ಕದಲ್ಲಿದೆ. ಆದರೆ ಹಿಂಸೆಯನ್ನು ಖಂಡಿಸಿ ನಮ್ಮ ಕೆಲಸ ಮುಗಿಯಿತೆಂದು ಎದ್ದು ಹೋಗುವಂತಿಲ್ಲ. ದುಡಿಮೆಯಿಲ್ಲದೆ, ಗೌರವವಿಲ್ಲದೆ ಬೀದಿಯಲ್ಲಿ ನಿಂತ ಯುವಕನನ್ನು ನಾವು ವಿಚಾರಿಸದಿದ್ದರೆ, ವಿಚಾರಿಸಲು ಬೇರೆಯವರು ಬರುತ್ತಾರೆ. ಅವನ ಸಿಟ್ಟನ್ನು ತಮ್ಮ ಲಾಭಕ್ಕೆ ಬಳಸುವವರು ಎಲ್ಲ ಕಾಲದಲ್ಲೂ, ಎಲ್ಲ ಸಮುದಾಯಗಳಲ್ಲೂ ಇದ್ದಾರೆ.

ದೇಶಗಳ ಯುದ್ಧವನ್ನು ನಿಲ್ಲಿಸುವ ಶಕ್ತಿ ನಮಗಿಲ್ಲದಿರಬಹುದು. ನಮ್ಮ ಮಹಲ್ಲಾದ ಲೆಕ್ಕವನ್ನಂತೂ ನಾವು ನೋಡಬಹುದು. ನಮ್ಮ ಅಂಗಡಿಯಲ್ಲಿ, ತೋಟದಲ್ಲಿ, ಮನೆಯಲ್ಲಿ ದುಡಿಯುವವರಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಹೊಟ್ಟೆ ತುಂಬುವಷ್ಟು ಸಂಬಳ ಸಮಯಕ್ಕೆ ಸರಿಯಾಗಿ ಸಿಗುತ್ತಿದೆಯೇ? ನಮ್ಮ ಝಕಾತ್ ರಮಝಾನಿನಲ್ಲಿ ಚಿಲ್ಲರೆಯಾಗಿ ಹಂಚಿ ಮುಗಿಯುತ್ತಿದೆಯೇ, ಅಥವಾ ಒಬ್ಬನನ್ನಾದರೂ ಬಡ್ಡಿ ಸಾಲದಿಂದ ಬಿಡಿಸಿ ಸ್ವಂತ ಕಾಲ ಮೇಲೆ ನಿಲ್ಲಿಸುತ್ತಿದೆಯೇ? ಅದ್ದೂರಿ ಮದುವೆಯ ಚಪ್ಪರದ ಪಕ್ಕದ ಮನೆಯಲ್ಲಿ ಒಲೆ ಉರಿಯುತ್ತಿದೆಯೇ? ಮುಂದಿನ ಜುಮುಅಃಕ್ಕೆ ಮಸೀದಿಯಲ್ಲಿ ಸೇರಿದಾಗ ಜಮಾಅತಿನವರು ಈ ಮೂರು ಪ್ರಶ್ನೆಗಳನ್ನು ಎದುರಿಟ್ಟುಕೊಂಡು ಹತ್ತು ನಿಮಿಷ ಕೂತು ಮಾತಾಡಲಿ.

ಹಸಿವಿನಿಂದಲೂ ಭಯದಿಂದಲೂ ಮನುಕುಲವನ್ನು ಅಲ್ಲಾಹನು ಕಾಪಾಡಲಿ. ಅದಕ್ಕೆ ಕಾರಣರಾಗುವವರ ಸಾಲಿನಲ್ಲಿ ನಮ್ಮನ್ನು ಸೇರಿಸದಿರಲಿ. ಆಮೀನ್.