ಪಂಪನ ಮೂರು ತಿಂಗಳು, ಆರು ತಿಂಗಳು

ಕಾದಂಬರಿಯೊಂದನ್ನು ಬರೆಯಲು ಎಷ್ಟು ಕಾಲ ಬೇಕು? ಆ ಪ್ರಕಾರಕ್ಕೆ ಕನ್ನಡದಲ್ಲಿ ಹೆಸರನ್ನಿತ್ತ ‘ಕಾದಂಬರಿ’ಯನ್ನೇ ಬಾಣಭಟ್ಟ ಪೂರ್ಣಗೊಳಿಸಲಾಗಲಿಲ್ಲ, ಉಳಿದ ಭಾಗವನ್ನು ಅವನ ಮಗ ಬರೆದು ಮುಗಿಸಿದ. ಇದಕ್ಕೆ ವಿರುದ್ಧವಾದ ನಿದರ್ಶನವೆಂದು ನಾವು ಪಂಪನನ್ನು ಮುಂದಿಡುತ್ತೇವೆ. ಆದಿಪುರಾಣವನ್ನು 3 ತಿಂಗಳಲ್ಲಿಯೂ ವಿಕ್ರಮಾರ್ಜುನವಿಜಯವನ್ನು 6 ತಿಂಗಳಲ್ಲಿಯೂ ಮುಗಿಸಿದುದಾಗಿ ಅವನೇ ಹೇಳಿಕೊಂಡಿದ್ದಾನೆ. ಉತ್ತರಪತ್ರಿಕೆಗಳಲ್ಲಿ ಈ ಮಾತು ಪ್ರತಿವರ್ಷವೂ ಪಂಪನ ಪ್ರತಿಭೆಗೆ ಪ್ರಮಾಣವಾಗಿ ಬರುತ್ತದೆ. ಅಂಕ ಕೊಡುತ್ತೇನೆ, ಆದರೆ ಮನಸ್ಸು ಪೂರ್ತಿ ಒಪ್ಪುವುದಿಲ್ಲ.

ಆದಿಪುರಾಣದ ರಚನಾಕಾಲ ಕ್ರಿ.ಶ. 941. ಕ್ರಿ.ಶ. 902ರಲ್ಲಿ ಹುಟ್ಟಿದ ಕವಿಗೆ ಆಗ 39 ವರ್ಷ. ಅವನ ಮುಂದೆ ಜಿನಸೇನಾಚಾರ್ಯರ ಸಂಸ್ಕೃತ ಪೂರ್ವಪುರಾಣವಿತ್ತು. ಆದಿನಾಥನ ಭವಾವಳಿ, ಪಂಚಕಲ್ಯಾಣಗಳು, ಭರತ ಬಾಹುಬಲಿಯರ ವೃತ್ತಾಂತ ಎಲ್ಲವೂ ಅಲ್ಲಿ ಕ್ರಮವಾಗಿ ನಿಂತಿದ್ದವು. ಆ ಆಚಾರ್ಯರಿಗಾದರೋ ಒಂದು ಜನ್ಮ ಸಾಲಲಿಲ್ಲ. 42 ಪರ್ವಗಳನ್ನು ಮುಗಿಸಿ, 43ನೆಯದರ ಆರಂಭದಲ್ಲಿಯೇ ಅವರ ಲೇಖನಿ ನಿಂತಿತು. ಮುಂದಿನದನ್ನು ಶಿಷ್ಯ ಗುಣಭದ್ರರು ಪೂರೈಸಿದರು. ಪಂಪನ ಮೂರು ತಿಂಗಳ ಅಡಿಯಲ್ಲಿ ಗುರುಶಿಷ್ಯರಿಬ್ಬರ ಆಯುಷ್ಯವಿದೆ. ಹೀಗೆಂದರೆ ಪಂಪನಿಗೆ ಕುಂದಲ್ಲ. ನೀಲಾಂಜನೆಯ ನೃತ್ಯವನ್ನು ಓದಿದವರಾರೂ ಅವನನ್ನು ಬರಿಯ ಅನುವಾದಕನೆನ್ನಲಾರರು.

ನನಗೆ ಹೆಚ್ಚು ಕುತೂಹಲವಿರುವುದು ಎರಡು ಅವಧಿಗಳ ಅಂತರದಲ್ಲಿ. 16 ಆಶ್ವಾಸಗಳ ಆದಿಪುರಾಣಕ್ಕೆ ಮೂರು ತಿಂಗಳಾದರೆ, 14 ಆಶ್ವಾಸಗಳ ಭಾರತಕ್ಕೆ ಅದರ ಇಮ್ಮಡಿ ಏಕೆ? ಆಗಮದ ಕಥೆಯನ್ನು ಕದಲಿಸುವ ಸ್ವಾತಂತ್ರ್ಯ ಕವಿಗಿರಲಿಲ್ಲ, ಆದ್ದರಿಂದ ಅದನ್ನು ಹೊಸದಾಗಿ ಕಟ್ಟುವ ಹೊಣೆಯೂ ಇರಲಿಲ್ಲ. ಭಾರತದಲ್ಲಿ ಹಾಗಲ್ಲ. ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದೊಡನೆ ವ್ಯಾಸರ ಕಥೆಯ ಒಂದೊಂದು ಗಂಟನ್ನೂ ಬಿಚ್ಚಿ ಮತ್ತೆ ಹಾಕಬೇಕಾಯಿತು. ದ್ರೌಪದಿ ಅರ್ಜುನನೊಬ್ಬನ ಪತ್ನಿಯಾದಳು. ಕಡೆಯಲ್ಲಿ ಪಟ್ಟವೇರುವವನು ಧರ್ಮರಾಯನಲ್ಲ, ಅರ್ಜುನ. ಅವನ ಜೊತೆಗೆ ಸುಭದ್ರೆ. ಲೌಕಿಕ ಕಾವ್ಯವೆಂದು ಇದನ್ನು ಹಗುರವಾಗಿ ಕಾಣುವವರು ಈ ದುಡಿಮೆಯನ್ನು ಗಮನಿಸಬೇಕು.

ಆ ಆರು ತಿಂಗಳೂ ಸಾಲಲಿಲ್ಲವೇನೋ. ದ್ರೌಪದಿಯನ್ನು ಅರ್ಜುನನಿಗಷ್ಟೇ ಕಟ್ಟಿಕೊಟ್ಟ ಮೇಲೆಯೂ, ಮುಂದಿನ ಕೆಲವು ಪ್ರಸಂಗಗಳಲ್ಲಿ ಅವಳು ಐವರಿಗೂ ಸೇರಿದವಳೆಂಬ ಮೂಲದ ನೆರಳು ಉಳಿದುಕೊಂಡಿರುವುದನ್ನು ವಿಮರ್ಶಕರು ತೋರಿಸಿದ್ದಾರೆ. ಕೆಲವರು ಅದನ್ನು ಮರೆವು ಎನ್ನುತ್ತಾರೆ. ನನಗೆ ಅಲ್ಲಿ ಕಾಣುವುದು ತಿದ್ದಲು ಸಿಗದ ಏಳನೆಯ ತಿಂಗಳು.